ದಾಖಲೆಯ ಪ್ರಕಾರ ಕೊರಗಪ್ಪನ ಎತ್ತರ

ಸಾವಿರದ ಒಂಬೈನೂರ ತೊಂಬತ್ತೆರಡನೇ ಇಸವಿಯ ಮಾರ್ಚ್ ತಿಂಗಳಲ್ಲಿ ಮುಕ್ತಾಯಗೊಂಡ, ಮಸ್ಕತ್ತಿನ ಘಾಲಾ ಕೈಗಾರಿಕಾ ಬಾಸ್ಕೆಟ್‌ಬಾಲ್ ಕೂಟದಲ್ಲಿ ಬುರ್ಜ್ ಅಲ್ ಹವಾ ಏರ್ ಕಂಡಿಶನಿಂಗ್ ಕಂಪನಿಯ ತಂಡವು ಆಡಿದ ಹನ್ನೆರಡು ಪಂದ್ಯಗಳಲ್ಲಿ ಹನ್ನೆರಡನ್ನೂ ಸೋತು, ತನ್ಮೂಲಕ ಪ್ರಥಮ ಸ್ಥಾನಕ್ಕೆ ಅರ್ಹತೆ ಪಡೆಯಿತು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಘಾಲಾದ ಏಳು ಕಂಪನಿಗಳು ಒಬ್ಬರ ಆಟಗಾರರನ್ನು ಇನ್ನೊಬ್ಬರು ಎಗರಿಸುತ್ತಿದ್ದುದರಿಂದ ಕೂಟದ ಮಂಡಳಿಯು ಹೊಸ ನಿಯಮ ತಂದಿತ್ತು. ಹೊಸದಾಗಿ ಆಡಬಯಸುವವರೆಲ್ಲ ಮಂಡಳಿಗೆ ಅರ್ಜಿ ಹಾಕಬೇಕು. ಆ ಪಟ್ಟಿಯಿಂದ ಪ್ರತಿ ತಂಡವೂ ವರ್ಷಕ್ಕೊಬ್ಬನನ್ನು ಆರಿಸಿಕೊಳ್ಳಬೇಕು. ಆರಿಸಿದ ಕಂಪನಿಯೇ ಅವನಿಗೆ ಕೆಲಸವನ್ನೂ ವೀಸಾವನ್ನೂ ಕೊಡಬೇಕು. ಕಟ್ಟಕಡೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ. ಅಮೆರಿಕದಲ್ಲೂ ಹೀಗೇ ಮಾಡುತ್ತಾರೆ, ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ ಎಂದು ಸುತ್ತೋಲೆಯಲ್ಲಿತ್ತು. ನಮ್ಮಲ್ಲಿ ಡ್ರಾಫ್ಟ್ ಎಂದರೆ ತಿಂಗಳ ಕೊನೆಗೆ ಊರಿಗೆ ಕಳಿಸುವ ಬ್ಯಾಂಕಿನ ಕಾಗದ ಎಂದೇ ಎಲ್ಲರೂ ತಿಳಿದಿದ್ದ ಕಾರಣ, ಸುತ್ತೋಲೆ ಅಂಟಿಸಿದ ಬೆಳಿಗ್ಗೆ ನೋಟಿಸ್ ಬೋರ್ಡಿನ ಮುಂದೆ ಅರವತ್ತು ಜನ ಸಾಲು ನಿಂತಿದ್ದರು. ವಿಷಯ ತಿಳಿದ ಮೇಲೆ ಚದುರಿದರು.

ನಾನು ಕೆಂಪಣ್ಣ, ಬುರ್ಜ್ ಅಲ್ ಹವಾ ಕಂಪನಿಯ ಆಡಳಿತ ವಿಭಾಗದ ಟೈಪಿಸ್ಟ್. ಊರು ತುಮಕೂರಿನ ಕಡೆ. ಆಟಗಾರನನ್ನು ಆರಿಸಲು ರಚಿಸಲಾದ ಸಮಿತಿಗೆ ನಾನೇ ಕಾರ್ಯದರ್ಶಿ. ಆದ್ದರಿಂದ ಮುಂದೆ ಬರುವುದೆಲ್ಲ ನನ್ನ ಕೈಯಲ್ಲೇ ಟೈಪಾದದ್ದು, ಸುಳ್ಳಿಗೆ ಅವಕಾಶವಿಲ್ಲ.

ಸಮಿತಿಯ ಅಧ್ಯಕ್ಷರು ನಮ್ಮ ಆಡಳಿತ ಮ್ಯಾನೇಜರ್ ಪ್ರೇಮನಾಥರು. ಉಡುಪಿಯವರು. ಬಾಸ್ಕೆಟ್‌ಬಾಲ್ ಆಟವನ್ನು ಅವರು ನೋಡಿರಲಿಲ್ಲ, ಆದರೆ ಆಗಲೇ ಆರು ಸಮಿತಿಗಳಿಗೆ ಅಧ್ಯಕ್ಷರಾಗಿದ್ದರು. ಸದಸ್ಯೆ ದಮಯಂತಿ ಮೇಡಂ, ಮಂಗಳೂರಿನವರು, ನಮ್ಮ ಧಣಿ ಶೇಖ್ ಅಬ್ದುಲ್ಲಾ ಅವರ ಸೆಕ್ರೆಟರಿ. ಯಾವ ವಿಷಯಕ್ಕೂ ಅರ್ಧ ಗಂಟೆಯಲ್ಲಿ ಒಂದು ಫಾರ್ಮ್ ತಯಾರಿಸಬಲ್ಲವರು. ತಂಡದ ಕ್ಯಾಪ್ಟನ್, ವರ್ಕ್‌ಶಾಪಿನ ಫೋರ್‌ಮನ್ ಅಲೋಶಿಯಸ್ ಅವರಿಗೆ ಮಾತ್ರ ಆಟ ಗೊತ್ತಿತ್ತು. ಆಟ ಗೊತ್ತಿದ್ದವರು ಪಕ್ಷಪಾತ ಮಾಡುವ ಸಂಭವವಿರುವುದರಿಂದ ಅವರನ್ನು ಮತದಾನದ ಹಕ್ಕಿಲ್ಲದ ವಿಶೇಷ ಆಹ್ವಾನಿತರನ್ನಾಗಿ ಇಟ್ಟುಕೊಳ್ಳಲಾಯಿತು.

ಪಟ್ಟಿಯಲ್ಲಿ ಗಮನಾರ್ಹರಾದ ಅಭ್ಯರ್ಥಿಗಳು ಮೂವರಿದ್ದರು.

ಮೊದಲನೆಯವನು ಸಲಾಲಾದ ಬಂದರಿನಲ್ಲಿ ಕ್ರೇನ್ ನಡೆಸುವವನು. ಅರ್ಜಿಯ ಪ್ರಕಾರ ಆರೂವರೆ ಅಡಿ. ಇಷ್ಟು ಎತ್ತರವನ್ನು ಫ್ಯಾಕ್ಸಿನಲ್ಲಿ ನಂಬಲಾಗದೆಂದು ಸಮಿತಿಯು ಕುಟುಂಬ ಸಮೇತ ಸಲಾಲಾಕ್ಕೆ ತೆರಳಿತು. ಅದು ಆಗಸ್ಟ್ ತಿಂಗಳಾಗಿದ್ದು, ಮಸ್ಕತ್ತಿನಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಬೊಬ್ಬೆ ಏಳುವಾಗ ಸಲಾಲಾದಲ್ಲಿ ತುಂತುರು ಮಳೆ ಬೀಳುತ್ತಿದ್ದುದು ಕೇವಲ ಕಾಕತಾಳೀಯ. ಅಭ್ಯರ್ಥಿಯು ರಜೆಯ ಮೇಲೆ ಊರಿಗೆ ಹೋಗಿರುವುದು ಮೊದಲನೇ ದಿನವೇ ತಿಳಿದುಬಂತು. ಉಳಿದ ನಾಲ್ಕು ದಿನ ಆ ಸಂಗತಿಯನ್ನು ಖಚಿತಪಡಿಸಿಕೊಳ್ಳಲು ಬೇಕಾದವು. ‘ತೆಂಗಿನ ತೋಟಗಳಲ್ಲೂ ಕಡಲ ತೀರದಲ್ಲೂ ಶೋಧಿಸಲಾಗಿ, ಅಭ್ಯರ್ಥಿಯು ಕಂಡುಬರಲಿಲ್ಲ’ ಎಂದು ನಾನು ವರದಿ ಟೈಪು ಮಾಡಿದೆ.

ಎರಡನೆಯವರು ಎಡ್ಮಂಡ್. ಇಪ್ಪತ್ತಾರು ವರ್ಷ, ಐದಡಿ ನಾಲ್ಕಂಗುಲ, ದಪ್ಪ ಕನ್ನಡಕ. ಅವರ ಭಾವ ಒಂದು ದೊಡ್ಡ ಹೋಟೆಲಿನ ಪರ್ಚೇಸ್ ಮ್ಯಾನೇಜರ್. ಆ ಹೋಟೆಲಿಗೆ ಆ ವರ್ಷ ಕೋಣೆಕೋಣೆಗೂ ಹೊಸ ಏಸಿ ಬೇಕಾಗಿತ್ತು. ಈ ಎರಡು ವಿಷಯಗಳಿಗೂ ಪರಸ್ಪರ ಸಂಬಂಧವಿಲ್ಲವೆಂದು ಸಮಿತಿಯು ಮೂರು ಪ್ರತ್ಯೇಕ ಸಭೆಗಳಲ್ಲಿ ಸರ್ವಾನುಮತದಿಂದ ದಾಖಲಿಸಿತು.

ಮೂರನೆಯವನು ಕೊರಗಪ್ಪ. ಹಳೆಯಂಗಡಿಯವನು. ನಮ್ಮ ಹಿಂದಿನ ರಸ್ತೆಯ ಟೈಲ್ಸ್ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಅವನು ಬಂದು ಆರು ತಿಂಗಳಾಗುವಷ್ಟರಲ್ಲಿ ಗೋದಾಮು ಬಾಗಿಲು ಹಾಕಿತು. ಅದರ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಳ್ಳೆಯ ಮನುಷ್ಯ. ರಿಲೀಸ್ ಪತ್ರ ಬರೆದುಕೊಟ್ಟು, ಎರಡು ತಿಂಗಳಲ್ಲಿ ಬೇರೆ ಕೆಲಸ ನೋಡಿಕೋ, ಇಲ್ಲದಿದ್ದರೆ ಟಿಕೆಟ್ ಕೊಡುತ್ತೇನೆ ಎಂದಿದ್ದ. ಊರಲ್ಲಿ ಹೆಂಡತಿ ವಿನೋದಾ ಏಳು ತಿಂಗಳ ಬಸುರಿ. ಬರುವಾಗ ಹಳ್ಳಿಯಿಡೀ ಬಸ್‌ಸ್ಟ್ಯಾಂಡಿಗೆ ಬಂದು ಕಳಿಸಿಕೊಟ್ಟಿತ್ತಂತೆ. ಏಳನೇ ತಿಂಗಳಲ್ಲೇ ಅದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದು ಹೇಗೆ ಎಂಬುದೊಂದೇ ಅವನ ಚಿಂತೆ. ಊರಿನ ಕ್ಲಬ್ಬಿಗೆ ಎಂಟು ವರ್ಷ ಬಾಸ್ಕೆಟ್‌ಬಾಲ್ ಆಡಿದ್ದ. ನಮ್ಮ ಆಫೀಸಿನ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಬರಲು ಅವನಿಗೆ ಆಗುತ್ತಿರಲಿಲ್ಲ.

ಸೆಪ್ಟೆಂಬರ್ ಮೊದಲ ಗುರುವಾರ ಮಧ್ಯಾಹ್ನದ ಮೇಲೆ ಪರೀಕ್ಷೆ ನಡೆಯಿತು. ದಮಯಂತಿ ಮೇಡಂ ನೂರು ಅಂಕಗಳ ಫಾರ್ಮ್ ತಂದಿದ್ದರು. ದೃಢೀಕರಿಸಿದ ಪ್ರಮಾಣಪತ್ರಗಳಿಗೆ ನಲವತ್ತು, ಸಂದರ್ಶನಕ್ಕೆ ಇಪ್ಪತ್ತೈದು, ಉಡುಪು ಮತ್ತು ಶೂಗಳಿಗೆ ಇಪ್ಪತ್ತು, ದಾಖಲೆಯ ಪ್ರಕಾರ ಎತ್ತರಕ್ಕೆ ಹತ್ತು, ಬುಟ್ಟಿಗೆ ಚೆಂಡು ಹಾಕುವುದಕ್ಕೆ ಐದು.

ಅಲೋಶಿಯಸ್ ಫಾರ್ಮನ್ನು ಎರಡು ಸಲ ಓದಿದರು.

“ಮೇಡಂ, ಇದು ಬಾಸ್ಕೆಟ್‌ಬಾಲ್ ಅಲ್ವಾ? ಬುಟ್ಟಿಗೆ ಐದೇ ಮಾರ್ಕ್ಸಾ?”

“ಮೊದಲು ಆ ಕಾಲಂ ಇರಲೇ ಇಲ್ಲ. ನೀವು ಬೇಜಾರು ಮಾಡ್ತೀರಿ ಅಂತ ಸೇರಿಸಿದ್ದು,” ಎಂದರು ಮೇಡಂ.

ಕೊರಗಪ್ಪ ಗೋದಾಮಿನ ಸೇಫ್ಟಿ ಶೂಗಳಲ್ಲೇ ಬಂದಿದ್ದ. ಇಪ್ಪತ್ತು ಚೆಂಡುಗಳಲ್ಲಿ ಹತ್ತೊಂಬತ್ತನ್ನು ಬುಟ್ಟಿಗೆ ಹಾಕಿದ. ಪಕ್ಕದ ಗ್ಯಾರೇಜಿನವರು ಕೈಯಲ್ಲಿದ್ದ ಸ್ಪ್ಯಾನರ್ ಹಿಡಿದುಕೊಂಡೇ ಬೇಲಿಯ ಬಳಿ ಬಂದು ನಿಂತರು. ತಪ್ಪಿದ ಒಂದಕ್ಕೆ ಕಾರಣವೇನೆಂದು ಅಧ್ಯಕ್ಷರು ಲಿಖಿತ ವಿವರಣೆ ಕೇಳಿದರು.

ಎಡ್ಮಂಡ್ ಟೈ ಕಟ್ಟಿ, ಹೊಸ ಬಿಳಿ ಶೂ ತೊಟ್ಟು ಬಂದಿದ್ದರು. ಚೆಂಡನ್ನು ಅವರತ್ತ ಎಸೆದಾಗ ಅವರು ಪಕ್ಕಕ್ಕೆ ಸರಿದರು. ಚೆಂಡು ಉರುಳಿ ಗೋಡೆಗೆ ತಾಗಿ ವಾಪಸು ಬಂದು ಅವರ ಕಾಲಿಗೆ ಬಡಿಯಿತು. ಚೆಂಡಿನ ಸಂಪರ್ಕಕ್ಕೆ ಬಂದುದಕ್ಕಾಗಿ ಒಂದು ಅಂಕ ನೀಡಲಾಯಿತು.

ಸಂದರ್ಶನ ಪ್ರೇಮನಾಥರ ಕೋಣೆಯಲ್ಲಿ ನಡೆಯಿತು.

“ನಿಮ್ಮ ಎತ್ತರ ಎಷ್ಟು?” ಎಂದು ಪ್ರೇಮನಾಥರು ಕೊರಗಪ್ಪನನ್ನು ಕೇಳಿದರು.

“ಆರಡಿ ಎರಡು ಇಂಚು ಸರ್.”

“ದಾಖಲೆ ಉಂಟಾ?”

“ನಾನೇ ಎದುರಿಗೆ ಇದ್ದೇನಲ್ಲ ಸರ್.”

“ಅದು ದಾಖಲೆ ಅಲ್ಲ ಮಾರಾಯಾ. ಪಾಸ್‌ಪೋರ್ಟ್ ಕೊಡು.”

ಆ ಕಾಲದ ನಮ್ಮ ಪಾಸ್‌ಪೋರ್ಟುಗಳಲ್ಲಿ ಕಣ್ಣಿನ ಬಣ್ಣ, ಮೈಮೇಲಿನ ಮಚ್ಚೆಗಳ ಜೊತೆ ಎತ್ತರವನ್ನೂ ಕೈಯಲ್ಲಿ ಬರೆಯುತ್ತಿದ್ದರು. ಕೊರಗಪ್ಪನ ಪಾಸ್‌ಪೋರ್ಟಿನಲ್ಲಿ ‘ಐದಡಿ ಎರಡಂಗುಲ’ ಎಂದಿತ್ತು. ಬರೆದ ಗುಮಾಸ್ತ ಆರು ಬರೆಯುವಲ್ಲಿ ಐದು ಬರೆದಿದ್ದ. ಯಾರೂ ಕೇಳಿರಲಿಲ್ಲವಾದ್ದರಿಂದ ಕೊರಗಪ್ಪನೂ ನೋಡಿರಲಿಲ್ಲ.

ಪ್ರೇಮನಾಥರು ಪಾಸ್‌ಪೋರ್ಟನ್ನು ನೋಡಿದರು. ಕೊರಗಪ್ಪನನ್ನು ನೋಡಿದರು. ಮತ್ತೆ ಪಾಸ್‌ಪೋರ್ಟನ್ನು ನೋಡಿ ನಿಟ್ಟುಸಿರು ಬಿಟ್ಟರು.

“ಗಿಡ್ಡ ಆಯ್ತು,” ಎಂದರು.

“ಸರ್, ತಪ್ಪಿ ಬರೆದದ್ದು ಅದು. ಬೇಕಾದರೆ ಟೇಪು ಹಿಡಿದು ನೋಡಿ!”

“ನೋಡು ಕೊರಗಪ್ಪ, ಟೇಪಿಗೆ ಸರ್ಕಾರದ ಸೀಲು ಉಂಟಾ? ಇದಕ್ಕೆ ಉಂಟು. ನೀನು ಎಂಬೆಸಿಗೆ ಹೋಗಿ ಸರಿ ಮಾಡಿಸಿಕೊಂಡು ಬಾ.”

“ಹೋದ್ರೆ ಅವರು ಕೇಳುವುದು ಕಂಪನಿಯ ಪತ್ರ ಸರ್. ನಮ್ಮ ಕಂಪನಿ ಬಂದ್ ಆಗಿದೆ.”

“ಹಾಗಾದ್ರೆ ಬೇರೆ ಕಂಪನಿ ಸೇರಿಕೊಂಡು ಅವರ ಪತ್ರ ತೆಗೆದುಕೊ.”

“ಸೇರ್ಲಿಕ್ಕೆ ಅಂತಲೇ ಇಲ್ಲಿಗೆ ಬಂದದ್ದು ಸರ್.”

“ಗಿಡ್ಡದವರನ್ನು ಸೇರಿಸಿಕೊಳ್ಳಲಿಕ್ಕೆ ಆಗ್ತದಾ? ನೀನೇ ಹೇಳು,” ಎಂದು ಪ್ರೇಮನಾಥರು ಬಹಳ ಮೃದುವಾಗಿ ಕೇಳಿದರು. ಕೊರಗಪ್ಪ ಪಾಸ್‌ಪೋರ್ಟು ತೆಗೆದುಕೊಂಡು ಹೊರಟ. ಹೋಗುವಾಗ ಬಾಗಿಲ ಚೌಕಟ್ಟು ಅವನ ಹಣೆಗೆ ಬಡಿಯಿತು. ಆ ಶಬ್ದವನ್ನು ನಡಾವಳಿಯಲ್ಲಿ ಸೇರಿಸಿಲ್ಲ.

ಅಂಕಗಳನ್ನು ಕೂಡಿದಾಗ ಎಡ್ಮಂಡ್ ಅವರಿಗೆ ತೊಂಬತ್ತಮೂರು, ಕೊರಗಪ್ಪನಿಗೆ ಹದಿನೇಳು ಬಂದವು. ಎಡ್ಮಂಡ್ ಅವರ ಬಳಿ ದುಂಡಗಿನ ಕೈಬರಹಕ್ಕೆ, ಶಾಲೆಗೆ ಒಂದು ದಿನವೂ ತಪ್ಪಿಸಿಕೊಳ್ಳದ್ದಕ್ಕೆ ಮತ್ತು ಪ್ರಥಮ ಚಿಕಿತ್ಸೆಗೆ ಪ್ರಮಾಣಪತ್ರಗಳಿದ್ದು, ಎಲ್ಲದಕ್ಕೂ ಸೀಲು ಬಿದ್ದಿತ್ತು. ಎತ್ತರದಲ್ಲಿಯೂ ಅವರು ಕೊರಗಪ್ಪನಿಗಿಂತ ಎರಡಂಗುಲ ಮುಂದಿದ್ದರು.

ಕಡತ ಸಹಿಗಾಗಿ ಶೇಖ್ ಅಬ್ದುಲ್ಲಾ ಅವರ ಮುಂದೆ ಹೋಯಿತು. ಅವರು ನಮ್ಮೊಂದಿಗೆ ಹಿಂದಿಯಲ್ಲೇ ಮಾತಾಡುತ್ತಿದ್ದರು. ನಲವತ್ತು ಪುಟ ತಿರುವಿ ಒಂದೇ ಪ್ರಶ್ನೆ ಕೇಳಿದರು: “ಇವರಲ್ಲಿ ಚೆಂಡನ್ನು ಒಳಗೆ ಹಾಕುವವನು ಯಾರು?”

ಪ್ರೇಮನಾಥರು ಕಡತದ ಕೊನೆಯ ಪುಟಗಳನ್ನು ತೆರೆದು ಹಿಡಿದರು.

“ಶೇಖ್, ಆ ವಿಷಯವನ್ನು ಅನುಬಂಧ ‘ಡಿ’ಯಲ್ಲಿ ಕೂಲಂಕಷವಾಗಿ ಪರಿಶೀಲಿಸಲಾಗಿದೆ,” ಎಂದರು ಪ್ರೇಮನಾಥರು.

ಶೇಖ್ ಅವರಿಗೆ ರುಸ್ತಾಕಿನ ತಮ್ಮ ತೋಟಕ್ಕೆ ಹೊರಡುವ ಅವಸರವಿತ್ತು. “ಖಲಾಸ್,” ಎಂದು ಸಹಿ ಮಾಡಿದರು. ಮರುದಿನ ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಂತು:

‘ನಮ್ಮ ತಂಡದ ಬಹುನಿರೀಕ್ಷಿತ ಆಟಗಾರರಾಗಿ ಶ್ರೀ ಎಡ್ಮಂಡ್ ಅವರನ್ನು ಆಯ್ಕೆ ಮಾಡಲಾಗಿದೆ. ಅವರಿಗೆ ಕಂಪನಿಯಲ್ಲಿ ಸಹಾಯಕ ಸೇಲ್ಸ್ ಮ್ಯಾನೇಜರ್ ಹುದ್ದೆಯನ್ನು ನೀಡಲಾಗಿದೆ. ಅವರ ಎತ್ತರದ ಬಗ್ಗೆ ವರ್ಕ್‌ಶಾಪಿನಲ್ಲಿ ಮಾತನಾಡುವುದನ್ನು ನಿಷೇಧಿಸಲಾಗಿದೆ.’

ಉಳಿದ ಆರು ತಂಡಗಳೂ ಕೊರಗಪ್ಪನನ್ನು ಆರಿಸಲಿಲ್ಲ. ಮೊದಲ ಆಯ್ಕೆಯವರೇ ಬಿಟ್ಟಿದ್ದಾರೆಂದರೆ ಏನೋ ಐಬಿರಬೇಕು ಎಂಬುದು ಅವರೆಲ್ಲರ ಅನುಭವದ ಮಾತು.

ಅಕ್ಟೋಬರಿನಲ್ಲಿ ಕೂಟ ಶುರುವಾಯಿತು. ಮೊದಲ ಪಂದ್ಯವನ್ನು ನಾವು ಎಪ್ಪತ್ತೊಂದು–ಆರರಿಂದ ಸೋತೆವು. ಎರಡನೆಯದರಲ್ಲಿ ಚೆಂಡು ಎಡ್ಮಂಡ್ ಅವರ ಮುಖಕ್ಕೆ ಬಂದು ಕನ್ನಡಕ ಎರಡು ಹೋಳಾಯಿತು. ಅವರು ಅಂಗಳದ ನಡುವೆ ಕೂತುಬಿಟ್ಟರು. ಅಲೋಶಿಯಸ್ ಎಬ್ಬಿಸಲು ಹೋದಾಗ, “ಅಣ್ಣಾ, ನನಗೆ ಚೆಂಡು ಕಂಡರೆ ಚಿಕ್ಕಂದಿನಿಂದಲೂ ಹೆದರಿಕೆ. ಭಾವ ಕಳಿಸಿದ್ದಕ್ಕೆ ಬಂದೆ. ನನ್ನನ್ನು ಬಿಟ್ಟುಬಿಡಿ ಅಂತ ಸರ್‌ಗೆ ಹೇಳ್ತೀರಾ?” ಎಂದು ಅತ್ತರು. ಮನುಷ್ಯ ಕೆಟ್ಟವರಲ್ಲ.

ಅಲೋಶಿಯಸ್ ಬೆವರಿನ ಬನಿಯನ್‌ನಲ್ಲೇ ಪ್ರೇಮನಾಥರ ಮನೆಗೆ ಬಂದರು. ನಾನೂ ಅಲ್ಲಿದ್ದೆ.

“ಸರ್, ಇನ್ನು ನನ್ನಿಂದ ಆಗೂದಿಲ್ಲ. ಕೊರಗಪ್ಪನನ್ನು ಕರೀರಿ. ಅವನಿಗೆ ಇನ್ನು ಹನ್ನೊಂದು ದಿನ ಇದೆ. ಆಮೇಲೆ ವಿಮಾನ ಹತ್ತಿಸ್ತಾರೆ.”

“ಕರೆದರೆ ನಾವು ಆರಿಸಿದ್ದು ತಪ್ಪು ಅಂತ ಆಗ್ತದೆ.”

“ತಪ್ಪೇ ಅಲ್ವಾ ಸರ್?”

“ಹೌದು. ಆದರೆ ದಾಖಲೆ ಆಗಬಾರದು,” ಎಂದ ಪ್ರೇಮನಾಥರು ಸ್ವಲ್ಪ ಹೊತ್ತು ಯೋಚಿಸಿ, “ಎಡ್ಮಂಡೇ ಆಡಲಿ. ಎಡ್ಮಂಡ್ ಆಗಿ ಕೊರಗಪ್ಪ ಆಡಲಿ,” ಎಂದರು.

ಕಂಪನಿಯಲ್ಲಿ ಖಾಲಿ ಇದ್ದ ವೀಸಾ ಒಂದೇ: ಶೇಖ್ ಅವರ ರುಸ್ತಾಕ್ ತೋಟದಲ್ಲಿ ಖರ್ಜೂರದ ಮರ ಹತ್ತುವವನದ್ದು. ಆ ಹುದ್ದೆಗೆ ಎತ್ತರದ ನಿಯಮವಿರಲಿಲ್ಲ, ಏಕೆಂದರೆ ಎತ್ತರವನ್ನು ಮರವೇ ಒದಗಿಸುತ್ತದೆ.

ಮರುದಿನ ಅಲೋಶಿಯಸ್ ಅವರ ಜೊತೆ ಕೊರಗಪ್ಪನನ್ನು ಆಫೀಸಿಗೆ ಕರೆಸಲಾಯಿತು. ಪ್ರೇಮನಾಥರು ವಿಷಯವನ್ನು ಸಂಕ್ಷಿಪ್ತವಾಗಿ ತಿಳಿಸಿದರು. ವೀಸಾ ಮರ ಹತ್ತುವವನದ್ದು, ಕೆಲಸ ವರ್ಕ್‌ಶಾಪಿನಲ್ಲಿ, ಶುಕ್ರವಾರ ಸಾಯಂಕಾಲ ಎಡ್ಮಂಡ್ ಎಂಬ ಹೆಸರಿನಲ್ಲಿ ಆಟ.

ಕೊರಗಪ್ಪ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದ. ಮುಖ ಕೆಂಪಾಗಿತ್ತು. ನನಗೆ ಅವನು ಮೇಜು ಮಗುಚಿ ಹಾಕುತ್ತಾನೇನೋ ಅನ್ನಿಸಿ, ಟೈಪ್‌ರೈಟರನ್ನು ಸ್ವಲ್ಪ ನನ್ನ ಕಡೆ ಎಳೆದುಕೊಂಡೆ.

“ಆಗ ನನ್ನ ಹೆಸರು ಎಂತ ಆಗ್ತದೆ ಸರ್?” ಎಂದು ಕೇಳಿದ.

“ಅದಕ್ಕೆ ಎಂತ ಆಗ್ತದೆ? ಪಾಸ್‌ಪೋರ್ಟಿನಲ್ಲಿ ಭದ್ರವಾಗಿ ಉಂಟಲ್ಲ. ಪಾಸ್‌ಪೋರ್ಟ್ ಕಂಪನಿಯ ತಿಜೋರಿಯಲ್ಲಿ ಇರ್ತದೆ. ನಿನ್ನ ಕೈಯಲ್ಲಿ ಇದ್ದರೆ ಕಳೆದುಹೋಗಬಹುದು.”

“ಊರಿಗೆ ಎಂತ ಬರೆಯುವುದು?”

“ಕೆಲಸ ಸಿಕ್ಕಿತು ಅಂತ ಬರಿ. ಸುಳ್ಳಲ್ಲವಲ್ಲ.”

ಕೊರಗಪ್ಪ ಅಲೋಶಿಯಸ್ ಕಡೆ ನೋಡಿದ. ಅಲೋಶಿಯಸ್ ಕಿಟಕಿಯ ಕಡೆ ನೋಡಿದರು. ಆಮೇಲೆ ಅವನು ಬಗ್ಗಿ ಸಹಿ ಹಾಕಿದ. ಒಂದೇ ಅಂಗೈಯಲ್ಲಿ ಬಾಸ್ಕೆಟ್‌ಬಾಲ್ ಹಿಡಿಯುತ್ತಿದ್ದ ಆ ಕೈಯಿಂದ ನನ್ನ ಬಾಲ್‌ಪೆನ್ನು ಎರಡು ಸಲ ಜಾರಿಬಿತ್ತು.

ಅಲ್ಲಿಂದ ಮುಂದೆ ನಾವು ಸತತವಾಗಿ ಎಂಟು ಪಂದ್ಯ ಗೆದ್ದೆವು. ‘ಎಡ್ಮಂಡ್’ ಎಂದು ಬೆನ್ನಿಗೆ ಬರೆದ ಅಂಗಿಯು ಕೊರಗಪ್ಪನ ಹೊಕ್ಕುಳಿನವರೆಗೆ ಮಾತ್ರ ಬರುತ್ತಿತ್ತು. ಅದು ಎಡ್ಮಂಡ್ ಅವರ ಅಳತೆಗೆ ಹೊಲಿಸಿದ್ದು. ಎಡ್ಮಂಡ್ ಅವರು ಟೈ ಕಟ್ಟಿ ಬೆಂಚಿನ ಮೇಲೆ ಕೂತು, ಕೊರಗಪ್ಪನಿಗೆ ನೀರಿನ ಬಾಟಲಿ ಕೊಡುತ್ತಿದ್ದರು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸಂತೋಷವಾಗಿದ್ದವರು ಅವರೇ. ಒಂದು ಶುಕ್ರವಾರ ಪಂದ್ಯಕ್ಕೆ ಮುಂಚೆ ಟೆಲಿಗ್ರಾಂ ಬಂತು, ವಿನೋದಾ ಹೆಣ್ಣು ಮಗು ಹೆತ್ತಳೆಂದು. ಆ ದಿನ ಕೊರಗಪ್ಪ ಒಬ್ಬನೇ ನಲವತ್ತೆರಡು ಪಾಯಿಂಟು ಹೊಡೆದ. ಕಂಪನಿಯು ಎಡ್ಮಂಡ್ ಅವರಿಗೆ ಅಭಿನಂದನಾ ಪತ್ರ ನೀಡಿತು. ನಾನೇ ಟೈಪು ಮಾಡಿದೆ.

ಒಂಬತ್ತನೇ ಗೆಲುವಿಗೆ ಮೊದಲು ಎದುರಾಳಿ ಟೈರ್ ಕಂಪನಿಯವರು ದೂರು ಕೊಟ್ಟರು. ಅಂಗಳದಲ್ಲಿ ಆಡುತ್ತಿರುವವನು ಎಡ್ಮಂಡ್ ಅಲ್ಲ, ಟೈಲ್ಸ್ ಗೋದಾಮಿನ ಕೊರಗಪ್ಪ. ಅವನು ತಮ್ಮ ಕೆಲಸಗಾರರ ಕ್ಯಾಂಪಿನ ಪಕ್ಕದಲ್ಲೇ ಇದ್ದವನು, ತಮಗೆ ಚೆನ್ನಾಗಿ ಗೊತ್ತು ಎಂದು. ಸಾಬೀತಾದರೆ ತಂಡ ವಜಾ, ಕೊರಗಪ್ಪ ಊರಿಗೆ.

ಕೂಟದ ಮಂಡಳಿಯ ಕಂಟೇನರ್ ಆಫೀಸಿನಲ್ಲಿ ವಿಚಾರಣೆ ನಡೆಯಿತು. ಕೊರಗಪ್ಪನನ್ನು ಗೋಡೆಗೆ ಒರಗಿಸಿ, ನಮ್ಮ ವರ್ಕ್‌ಶಾಪಿನ ಟೇಪಿನಿಂದಲೇ ಅಳೆದರು.

“ಆರಡಿ ಎರಡಂಗುಲ,” ಎಂದರು ಮಂಡಳಿಯ ಅಧ್ಯಕ್ಷರು.

ಪ್ರೇಮನಾಥರು ಎದ್ದು ನಿಂತು ಕೊರಗಪ್ಪನ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟರು.

“ಮಾನ್ಯರೇ, ಭಾರತ ಸರ್ಕಾರದ ಪ್ರಕಾರ ಕೊರಗಪ್ಪ ಎಂಬವನು ಐದಡಿ ಎರಡಂಗುಲದ ಮನುಷ್ಯ. ಇಲ್ಲಿ ನಿಂತಿರುವವರು ಆರಡಿ ಎರಡಂಗುಲ. ಆದ್ದರಿಂದ ಇವರು ಬೇರೆ ಯಾರಾದರೂ ಆಗಿರಬಹುದು, ಕೊರಗಪ್ಪ ಆಗಲಿಕ್ಕೆ ಸಾಧ್ಯ ಇಲ್ಲ.”

ಮಂಡಳಿಯವರು ಪಾಸ್‌ಪೋರ್ಟನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಸೀಲು ಸ್ಪಷ್ಟವಾಗಿತ್ತು.

“ಫೋಟೋ ಇವನದ್ದೇ ಅಲ್ವಾ?” ಎಂದರು ಟೈರ್ ಕಂಪನಿಯವರು.

“ಫೋಟೋದಲ್ಲಿ ಎತ್ತರ ಕಾಣೂದಿಲ್ಲ,” ಎಂದರು ದಮಯಂತಿ ಮೇಡಂ. ಮಂಡಳಿಯು ಇದನ್ನು ಒಪ್ಪಿತು.

“ಆದರೆ ಎಡ್ಮಂಡ್ ಅವರದ್ದು ಐದಡಿ ನಾಲ್ಕು ಅಂತ ಇದೆಯಲ್ಲ?”

“ಅದು ಸೇರುವಾಗ,” ಎಂದರು ಪ್ರೇಮನಾಥರು. “ನಮ್ಮ ಕಂಪನಿಯಲ್ಲಿ ಬೆಳವಣಿಗೆಗೆ ಅವಕಾಶ ಉಂಟು. ಜಾಹೀರಾತಿನಲ್ಲೇ ಹಾಕ್ತೇವೆ.”

ಜಾಹೀರಾತಿನ ಪ್ರತಿಯನ್ನು ಸಲ್ಲಿಸಲಾಯಿತು. ಕೊನೆಗೆ ಟೈರ್ ಕಂಪನಿಯವರು ಮೂಲೆಯಲ್ಲಿ ಟೈ ಕಟ್ಟಿ ಕೂತಿದ್ದ ಎಡ್ಮಂಡ್ ಅವರತ್ತ ಬೆರಳು ತೋರಿಸಿ, “ಹಾಗಾದರೆ ಇವರು ಯಾರು?” ಎಂದು ಗುಡುಗಿದರು.

“ಇವರು ಹೋಟೆಲಿನ ಪರ್ಚೇಸ್ ಮ್ಯಾನೇಜರ್ ಅವರ ಭಾವಮೈದುನ.”

ಆ ಹೋಟೆಲಿಗೆ ಟೈರ್ ಕಂಪನಿಯವರೂ ಸಾಮಾನು ಕೊಡುವವರೇ. ಅವರು ಎದ್ದು ಎಡ್ಮಂಡ್ ಅವರ ಕೈ ಕುಲುಕಿ ದೂರನ್ನು ವಾಪಸು ಪಡೆದರು. ಕೊರಗಪ್ಪ ಕೊರಗಪ್ಪನಲ್ಲವೆಂದು ಮಂಡಳಿಯು ಲಿಖಿತ ತೀರ್ಪು ನೀಡಿ, ಅದರ ಒಂದು ಪ್ರತಿಯನ್ನು ಕೊರಗಪ್ಪನಿಗೂ ಕೊಟ್ಟಿತು. ಅವನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಹೊರಗೆ ಬಂದ ಮೇಲೆ ಕಂಟೇನರಿನ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಬ್ಬನೇ ನಗತೊಡಗಿದ. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಎಡ್ಮಂಡ್ ಅವರು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದರು.

ಕಪ್ಪು ನಮಗೇ ಬಂತು. ಬಹುಮಾನ ವಿತರಣೆಯಲ್ಲಿ ಶೇಖ್ ಅಬ್ದುಲ್ಲಾ ಅವರು ಕೊರಗಪ್ಪನ ಕೈಹಿಡಿದು, ‘ನಾನು ಕೇಳಿದ್ದು ಇವನನ್ನೇ’ ಎಂದರು. ಆದರೆ ಅತ್ಯುತ್ತಮ ಆಟಗಾರನ ಪದಕ ಎಡ್ಮಂಡ್ ಅವರ ಕೊರಳಿಗೆ ಬಿತ್ತು. ಹೋಟೆಲಿನ ಕೋಣೆಕೋಣೆಗೂ ನಮ್ಮ ಏಸಿ ಹೋಯಿತು. ಪ್ರೇಮನಾಥರಿಗೆ ಬಡ್ತಿ, ದಮಯಂತಿ ಮೇಡಂ ಅವರ ಫಾರ್ಮನ್ನು ಏಳೂ ಕಂಪನಿಗಳು ಅಳವಡಿಸಿಕೊಂಡವು. ಮುಂದಿನ ವರ್ಷದ ಗೊಂದಲ ತಪ್ಪಿಸಲು ಮಂಡಳಿಯು ನಿಯಮ ಹದಿನಾಲ್ಕು (ಬಿ) ಸೇರಿಸಿತು: ‘ಆಯ್ಕೆಯಾದ ಆಟಗಾರನು ತನ್ನ ಪರವಾಗಿ ಆಡಲು ಯೋಗ್ಯನೊಬ್ಬನನ್ನು ನೇಮಿಸಿಕೊಳ್ಳಬಹುದು. ಯೋಗ್ಯನ ಹೆಸರನ್ನು ನಮೂದಿಸುವ ಅಗತ್ಯವಿಲ್ಲ.’ ಮರುವರ್ಷ ಮೊದಲ ಆಯ್ಕೆಯಾಗಿ ಹೋದವರು ಒಬ್ಬ ಕಾಂಟ್ರಾಕ್ಟರರ ಮಾವ; ಐವತ್ತೆಂಟು ವರ್ಷ, ಸಕ್ಕರೆ ಕಾಯಿಲೆ, ಅಪಾರ ಭರವಸೆಯ ಆಟಗಾರ. ಘಾಲಾದಲ್ಲಿ ಆಟದ ಗುಣಮಟ್ಟ ಅಂದಿನಿಂದ ಬಹಳ ಸುಧಾರಿಸಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಕೊರಗಪ್ಪ ತಂಡದ ಫೋಟೋ ಊರಿಗೆ ಕಳಿಸಿದ್ದ. ಅದರಲ್ಲಿ ಅವನು ಕಪ್ಪು ಹಿಡಿದು ನಿಂತಿದ್ದಾನೆ, ಕೆಳಗೆ ‘ಎಡ್ಮಂಡ್’ ಎಂದು ಅಚ್ಚಾಗಿದೆ. ವಿನೋದಾ ಬರೆದ ಉತ್ತರವನ್ನು ಊಟದ ಬಿಡುವಿನಲ್ಲಿ ನನಗೆ ಓದಿ ಹೇಳಿದ. ‘ಫೋಟೋಕ್ಕೆ ಕಟ್ಟು ಹಾಕಿಸಿದ್ದೇನೆ. ಹೆಸರು ಯಾಕೆ ಹಾಗುಂಟು ಅಂತ ಎಲ್ಲರೂ ಕೇಳುತ್ತಾರೆ. ಮನುಷ್ಯ ನಮ್ಮವರು, ಹೆಸರು ಕಂಪನಿಯವರದ್ದು ಅಂತ ಹೇಳುತ್ತೇನೆ. ಎಲ್ಲರೂ ಹೌದು ಹೌದು ಅನ್ನುತ್ತಾರೆ. ನೀವು ಅಲ್ಲಿ ಊಟ ಸರಿಯಾಗಿ ಮಾಡಿ.’

“ಒಳ್ಳೇ ಹೆಂಗಸಪ್ಪಾ,” ಎಂದೆ.

“ಹೌದು ಸರ್,” ಎಂದ.

ಅಷ್ಟರಲ್ಲಿ ವರ್ಕ್‌ಶಾಪಿನ ಬಾಗಿಲಿನಿಂದ ಯಾರೋ “ಎಡ್ಮಂಡ್! ಯಲ್ಲಾ, ಬೇಗ ಬಾ, ಗಾಡಿ ಬಂತು!” ಎಂದು ಕೂಗಿದರು. ಕೊರಗಪ್ಪ ಕಾಗದ ಮಡಿಸಿ ಜೇಬಿನಲ್ಲಿಟ್ಟು, “ಬಂದೆ,” ಎಂದು ಎದ್ದು ಹೋದ. ಇದರಿಂದ ಆಫೀಸಿನಲ್ಲಿ ಯಾವ ಗೊಂದಲವೂ ಆಗುತ್ತಿರಲಿಲ್ಲ. ಸಹಾಯಕ ಸೇಲ್ಸ್ ಮ್ಯಾನೇಜರ್ ಆದ ಮೇಲೆ ಎಡ್ಮಂಡ್ ಅವರನ್ನು ಎಲ್ಲರೂ ‘ಸರ್’ ಎಂದೇ ಕರೆಯುತ್ತಿದ್ದುದರಿಂದ, ಆ ಹೆಸರು ಹೇಗೂ ಖಾಲಿ ಇತ್ತು.